ಮೊದಲ ಸಂಶೋಧನಾ ಪ್ರಬಂಧ: ಏಳು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವವರಿಗೆ ಕೊಡಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: ಬಯಲುಸೀಮೆಯ ಒಂದು ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದಿದ್ದೀರಿ. ಪಿಎಚ್.ಡಿ.ಗೆ ಪ್ರಬಂಧ ಪ್ರಕಟವಾಗಬೇಕೆಂದು ಮಾರ್ಗದರ್ಶಕರು ಅವಸರಪಡಿಸುತ್ತಿದ್ದಾರೆ. ನಾಲ್ಕು ಸಾವಿರ ರೂಪಾಯಿ ಕಟ್ಟಿದರೆ ಏಳು ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಒಂದು ಜರ್ನಲ್‌ನಿಂದ ಇಮೇಲ್ ಬಂದಿದೆ. ಕಟ್ಟಬಹುದೇ, ಇಲ್ಲವಾದರೆ ಒಳ್ಳೆಯ ಕಡೆ ಪ್ರಕಟಿಸುವುದು ಹೇಗೆ ಎಂದು ಕೇಳಿದ್ದೀರಿ.

ಕಟ್ಟಬೇಡಿ. ನಾನೂ ಅಂತರ್ಜಲದ ರಸಾಯನವನ್ನೇ ನೆಚ್ಚಿಕೊಂಡವನು, ಜರ್ನಲ್‌ಗಳಿಗೆ ಪರಾಮರ್ಶೆಯನ್ನೂ, ಅಂದರೆ ಪ್ರಕಟಣೆಗೆ ಮುನ್ನ ಪ್ರಬಂಧವನ್ನು ಓದಿ ತೂಗುವ ಕೆಲಸವನ್ನೂ, ಮಾಡಿಕೊಡುತ್ತೇನೆ. ಇಬ್ಬರು ತಜ್ಞರು ತಮ್ಮ ಪಾಠ, ಪರೀಕ್ಷೆಗಳ ನಡುವೆ ಬಿಡುವು ಮಾಡಿಕೊಂಡು ನಿಮ್ಮ ಪ್ರಬಂಧ ಓದಿ, ಅಂಕಿಗಳನ್ನು ತಾಳೆ ನೋಡಿ, ಅಭಿಪ್ರಾಯ ಬರೆಯಲು ವಾರಗಳು ಬೇಕು. ಅದಕ್ಕೆ ಸಾಮಾನ್ಯವಾಗಿ ಅವರಿಗೆ ಬಿಡಿಗಾಸೂ ಸಿಗುವುದಿಲ್ಲ. ಏಳು ದಿನದಲ್ಲಿ ಎಲ್ಲ ಮುಗಿಯುತ್ತದೆ ಎಂದರೆ ಯಾರೂ ಓದುವುದಿಲ್ಲ ಎಂದೇ ತಿಳಿಯಬೇಕು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ 'ಸೈನ್ಸ್' ಪತ್ರಿಕೆಗಾಗಿ ಇದನ್ನೇ ಪರೀಕ್ಷಿಸಿದ. ಢಾಳಾದ ತಪ್ಪುಗಳಿದ್ದ ಒಂದು ಸುಳ್ಳು ಪ್ರಬಂಧವನ್ನು ಹೆಸರು ಬದಲಿಸಿ ಬದಲಿಸಿ 304 ಮುಕ್ತ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳುಹಿಸಿದಾಗ 157 ಜರ್ನಲ್‌ಗಳು ಅದನ್ನು ಒಪ್ಪಿಕೊಂಡವು. ಭಾರತದ ಜರ್ನಲ್‌ಗಳಲ್ಲಿ 64 ಒಪ್ಪಿದವು, ಬೇಡವೆಂದದ್ದು ಬರೀ 15.

ಅವಸರದ ಬಗ್ಗೆಯೂ ಒಂದು ಮಾತು. ಥೀಸಿಸ್ ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟವಾಗಲೇಬೇಕು ಎಂಬ ಷರತ್ತನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಆದರೂ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದಾದ್ದರಿಂದ ನಿಮ್ಮಲ್ಲಿ ಏನಿದೆ ಎಂದು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಒಪ್ಪತಕ್ಕ ಜರ್ನಲ್‌ಗಳನ್ನು ಹೆಸರಿಸುತ್ತಿದ್ದ 'ಯುಜಿಸಿ ಕೇರ್' ಪಟ್ಟಿಯನ್ನು 2025ರ ಫೆಬ್ರುವರಿಯಲ್ಲೇ ನಿಲ್ಲಿಸಲಾಗಿದೆ. ಈಗಲೂ 'ಯುಜಿಸಿ ಮಾನ್ಯತೆ' ಎಂದು ಜಂಬ ಕೊಚ್ಚುವ ಇಮೇಲನ್ನು ಅಷ್ಟಕ್ಕೇ ಅಳಿಸಿಹಾಕಬಹುದು. ಐಎಸ್‌ಎಸ್‌ಎನ್ ಸಂಖ್ಯೆಯನ್ನು ತೋರಿಸಿದರೂ ಮರುಳಾಗಬೇಡಿ. ಅದು ನಿಯತಕಾಲಿಕದ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ.

ಇನ್ನು ಬರವಣಿಗೆ. ನಮ್ಮ ಕ್ಷೇತ್ರದಲ್ಲಿ ತಿರಸ್ಕೃತವಾಗುವ ಎಷ್ಟೋ ಪ್ರಬಂಧಗಳ ದೋಷ ಇಂಗ್ಲಿಷಿನದಲ್ಲ. 'ಇಂಥ ತಾಲ್ಲೂಕಿನ ನೀರಿನ ಗುಣಮಟ್ಟದ ಅಧ್ಯಯನ' ಎಂದು ಶೀರ್ಷಿಕೆ, ಒಳಗೆ ಹತ್ತು ಕೋಷ್ಟಕ, ಕೊನೆಗೆ 'ಫ್ಲೋರೈಡ್ ಮಿತಿ ಮೀರಿದೆ' ಎಂಬ ತೀರ್ಮಾನ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿಗಳು ನಮ್ಮ ಬಯಲುಸೀಮೆಯಲ್ಲಿವೆ ಎಂಬುದು ಸಂಪಾದಕರಿಗೆ ಹೊಸ ಸುದ್ದಿಯೇನಲ್ಲ. ಪಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದು ಏಕೆ? ಫ್ಲೋರೈಡ್ ಹೆಚ್ಚಿದ ಕಡೆ ಕ್ಯಾಲ್ಸಿಯಂ ಕಡಿಮೆಯಾಗಿ, ಸೋಡಿಯಂ, ಬೈಕಾರ್ಬೊನೇಟ್ ಏರಿವೆಯೇ? ಮಳೆಗಾಲದ ಮುಂಚೆ ಮತ್ತು ನಂತರದ ಮಾದರಿಗಳಲ್ಲಿ ಈ ನಂಟು ಬದಲಾಗಿದೆಯೇ? ನಿಮ್ಮ ಬಳಿ ಇರುವ ಅದೇ ಅಂಕಿಗಳನ್ನು ಇಂಥ ಒಂದು ಪ್ರಶ್ನೆಯ ಸುತ್ತ ಜೋಡಿಸಿ. ಪ್ರಶ್ನೆಗೆ ಸಂಬಂಧವಿಲ್ಲದ ಕೋಷ್ಟಕ ಎಷ್ಟೇ ಬೆವರು ಸುರಿಸಿ ತಯಾರಿಸಿದ್ದಾದರೂ ಅನುಬಂಧಕ್ಕೆ ಹೋಗಲಿ.

ಬರೆಯುವಾಗ ಪೀಠಿಕೆಯಿಂದ ಶುರು ಮಾಡಬೇಡಿ. ನಕ್ಷೆ, ಆಲೇಖಗಳನ್ನು ಮೊದಲು ಅಂತಿಮಗೊಳಿಸಿ, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ. ಪೀಠಿಕೆ ಮತ್ತು ಸಾರಾಂಶ ಕೊನೆಗೆ. ವಿಧಾನದ ಭಾಗದಲ್ಲಿ ಜಿಪುಣತನ ಬೇಡ: ಬಾವಿಯ ಆಳ, ಮಾದರಿ ಹಿಡಿದ ತಿಂಗಳು, ಹಿಡಿಯುವ ಮುನ್ನ ಪಂಪನ್ನು ಎಷ್ಟು ಹೊತ್ತು ಓಡಿಸಿದಿರಿ, ಅಳೆದದ್ದು ಎಲೆಕ್ಟ್ರೋಡ್‌ನಿಂದಲೋ ಬಣ್ಣದ ವಿಧಾನದಿಂದಲೋ, ಎಲ್ಲವೂ ಇರಲಿ. ನನ್ನ ಕೈಗೆ ಇಂಥ ಪ್ರಬಂಧ ಬಂದರೆ ನಾನು ಮೊದಲು ಮಾಡುವ ಕೆಲಸ, ಧನ ಅಯಾನು ಮತ್ತು ಋಣ ಅಯಾನುಗಳ ವಿದ್ಯುದಂಶವನ್ನು ಬೇರೆಬೇರೆಯಾಗಿ ಕೂಡಿ ತಾಳೆ ನೋಡುವುದು, ಏಕೆಂದರೆ ನೀರಿನಲ್ಲಿ ಇವೆರಡೂ ಸಮವಿರಬೇಕು. ವ್ಯತ್ಯಾಸ ಶೇಕಡಾ 5ರ ಒಳಗಿದ್ದರೆ ಸಮಾಧಾನದಿಂದ ಮುಂದೆ ಓದುತ್ತೇನೆ. ಶೇಕಡಾ 20 ಇದ್ದರೆ ಉಳಿದದ್ದರ ಮೇಲೆ ನಂಬಿಕೆಯೇ ಬರುವುದಿಲ್ಲ. ಈ ಲೆಕ್ಕವನ್ನು ನೀವೇ ಮಾಡಿ, ಪ್ರಬಂಧದಲ್ಲೇ ಬರೆದುಬಿಡಿ.

ಜರ್ನಲ್ ಆರಿಸಲು ಸುಲಭದ ದಾರಿಯೆಂದರೆ ನೀವು ಉಲ್ಲೇಖಿಸಿರುವ ಪ್ರಬಂಧಗಳು ಎಲ್ಲಿ ಬಂದಿವೆ ಎಂದು ನೋಡುವುದು. ಆಯ್ದ ಜರ್ನಲ್‌ಗಳ ಪ್ರಬಂಧಗಳನ್ನು ಪಟ್ಟಿಮಾಡುವ ಸ್ಕೋಪಸ್ ಎಂಬ ದತ್ತಕೋಶದಲ್ಲಿದೆ ಎಂದು ಜರ್ನಲ್ ಹೇಳಿದರೆ ಸ್ಕೋಪಸ್‌ನ ಪಟ್ಟಿಯಲ್ಲೇ ಹುಡುಕಿ, ಏಕೆಂದರೆ ಒಳ್ಳೆಯ ಜರ್ನಲ್‌ಗಳ ಹೆಸರನ್ನೇ ಕದ್ದು ನಕಲಿ ಜಾಲತಾಣ ನಡೆಸುವವರೂ ಇದ್ದಾರೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ 'ಜರ್ನಲ್ ಆಫ್ ಅರ್ತ್ ಸಿಸ್ಟಮ್ ಸೈನ್ಸ್' ನಿಮ್ಮ ವಿಷಯಕ್ಕೆ ಹೊಂದುತ್ತದೆ. 1932ರಿಂದ ಬೆಂಗಳೂರಿನಿಂದಲೇ ಬರುತ್ತಿರುವ 'ಕರೆಂಟ್ ಸೈನ್ಸ್' ಎಲ್ಲ ವಿಜ್ಞಾನಗಳಿಗೂ ತೆರೆದಿದೆ. ಅಲ್ಲಿ ಗಿಟ್ಟಬೇಕಾದರೆ ನಿಮ್ಮ ಕ್ಷೇತ್ರದ ಹೊರಗಿನವರಿಗೂ ಆಸಕ್ತಿ ಹುಟ್ಟಬೇಕು. ಒಂದು ಸಲಕ್ಕೆ ಒಂದೇ ಜರ್ನಲ್‌ಗೆ ಕಳುಹಿಸಿ. ಎರಡು ಕಡೆ ಕಳುಹಿಸಿದ್ದು ಬಯಲಾದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ, ಮಾರ್ಗದರ್ಶಕರ ಹೆಸರೂ ಕೆಡುತ್ತದೆ.

ಸಂಪಾದಕರೇ ಒಲ್ಲೆನೆಂದರೆ ಕೆಲವು ದಿನಗಳಲ್ಲೋ ವಾರಗಳಲ್ಲೋ ತಿಳಿಯುತ್ತದೆ. ಪರಾಮರ್ಶೆಗೆ ಹೋದರೆ ತಿಂಗಳುಗಟ್ಟಲೆ ಕಾಯಬೇಕು. 'ದೊಡ್ಡ ತಿದ್ದುಪಡಿ ಬೇಕು' ಎಂದು ಪತ್ರ ಬಂದರೆ ಖುಷಿಪಡಿ, ಬಾಗಿಲು ತೆರೆದೇ ಇದೆ. ಪರಾಮರ್ಶಕರ ಒಂದೊಂದು ಮಾತನ್ನೂ ಹಾಗೆಯೇ ಬರೆದುಕೊಂಡು, ಕೆಳಗೆ ನಿಮ್ಮ ಉತ್ತರ, ಯಾವ ಸಾಲಿನಲ್ಲಿ ತಿದ್ದಿದ್ದೀರಿ ಎಂಬುದನ್ನು ಕೊಡಿ. ಪರಾಮರ್ಶಕರೂ ಎಡವುತ್ತಾರೆ, ಹಾಗಾದಾಗ ಅಂಕಿ ಮುಂದಿಟ್ಟು, ದನಿ ಏರಿಸದೆ, ಒಪ್ಪುವುದಿಲ್ಲ ಎನ್ನಿ. ನಾನೇ ಅಂಥ ಉತ್ತರ ಓದಿ ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡದ್ದುಂಟು.

ಸ್ವೀಕೃತವಾದ ಮೇಲೆ ಹಕ್ಕುಸ್ವಾಮ್ಯದ ಅರ್ಜಿ ಬರುತ್ತದೆ. ಎರಡೂ ಬಗೆಯಲ್ಲಿ ಪ್ರಕಟಿಸುವ ಜರ್ನಲ್‌ಗಳಲ್ಲಿ ಮುಕ್ತ ಪ್ರಕಟಣೆಯನ್ನು ಆರಿಸಿದರೆ ಲಕ್ಷದ ಲೆಕ್ಕದ ಬಿಲ್ ಬರಬಹುದು. ಚಂದಾ ಆಧಾರಿತ ಆಯ್ಕೆಗೆ ಸಾಮಾನ್ಯವಾಗಿ ಲೇಖಕರು ಏನೂ ಕೊಡಬೇಕಿಲ್ಲ. ಮಾರ್ಗದರ್ಶಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಅರ್ಜಿ ತುಂಬಿ.