ಹೆಡ್‌ಲೈಟಿನ ಬೆಳಕು ಸಾಲುತ್ತಿಲ್ಲವೇ? ಬಲ್ಬ್ ಕೊಳ್ಳುವ ಮುನ್ನ ಇಷ್ಟು ನೋಡಿ

ಪ್ರಶ್ನೆ: ವಾರದಲ್ಲಿ ಒಂದೆರಡು ಸಲ ರಾತ್ರಿ ಹೊತ್ತು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಗುತ್ತದೆ. ನನ್ನದು 2014ರ ಸಣ್ಣ ಕಾರು, ಹೆಡ್‌ಲೈಟಿಗೆ ಎಚ್‌4 ಹ್ಯಾಲೊಜೆನ್ ಬಲ್ಬ್. ಬೆಳಕು ಸಾಲುತ್ತಲೇ ಇಲ್ಲ, ಮಳೆ ಬಂದರಂತೂ ರಸ್ತೆಯೇ ಕಾಣುವುದಿಲ್ಲ. ನಮ್ಮೂರಿನ ಎಲೆಕ್ಟ್ರಿಷಿಯನ್ 100/90 ವ್ಯಾಟ್ ಬಲ್ಬ್ ಹಾಕಿಸಿ ಅನ್ನುತ್ತಾರೆ, ಅಂಗಡಿಯವರು ಎಲ್‌ಇಡಿ ಹಾಕಿಸಿ ಅನ್ನುತ್ತಾರೆ. ಯಾವುದು ಒಳ್ಳೆಯದು?
— ಓದುಗರು, ಸಕಲೇಶಪುರ

ಎರಡೂ ಬೇಡ. ನಿಮ್ಮ ಕಾರಿಗೆ ತಕ್ಕದ್ದು ಈಗಿರುವ ಅಳತೆಯದೇ, ಅಂದರೆ 60/55 ವ್ಯಾಟ್‌ನ (ಬ್ರೈಟ್‌ಗೆ 60, ಡಿಮ್‌ಗೆ 55) ಒಳ್ಳೆಯ ಎಚ್‌4 ಬಲ್ಬ್. ಆದರೆ ಅದನ್ನು ಕೊಳ್ಳುವುದು ಕೊನೆಯ ಕೆಲಸ. ಹತ್ತು ವರ್ಷ ದಾಟಿದ ಕಾರಿನಲ್ಲಿ ಬೆಳಕು ಮಂಕಾಗಿದ್ದರೆ ಬಲ್ಬಿಗಿಂತ ಮೊದಲು ಅನುಮಾನ ಪಡಬೇಕಾದದ್ದು ದೀಪದ ಮುಖ, ವೈರಿಂಗ್ ಮತ್ತು ದೀಪ ಬಾಗಿರುವ ಕೋನದ ಮೇಲೆ. ಕಾರು ಹೊಸದಿದ್ದಾಗ ಇದ್ದ ಬೆಳಕು ಅಲ್ಲೆಲ್ಲ ಸೋರಿಹೋಗಿರುತ್ತದೆ. ಅದನ್ನು ಮರಳಿ ಪಡೆಯದೆ ಎಂಥ ಬಲ್ಬ್ ಹಾಕಿದರೂ ದುಡ್ಡು ದಂಡ.

ದೀಪದ ಮುಖ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಬಿಸಿಲಿಗೆ ಅದರ ಮೇಲಿನ ರಕ್ಷಣೆಯ ಲೇಪ ಸವೆದು ಹಳದಿಯಾಗುತ್ತದೆ, ಮಸುಕಾಗುತ್ತದೆ. ಆಗ ದೂರ ಹೋಗಬೇಕಾದ ಬೆಳಕು ಅಲ್ಲೇ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಮಗೂ ನಷ್ಟ, ಅವರಿಗೂ ತೊಂದರೆ. 800ರಿಂದ ಶುರುಮಾಡಿ 1500, 2000, 3000 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ನಿರೋಧಕ ಲೇಪ ಹಚ್ಚಿಸಿ. ಆ ಕೊನೆಯ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ, ಅದರ ಹೊಳಪು ಹೆಚ್ಚು ದಿನ ಬಾಳದು. ಒಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಹೊಳಪೇ ಹೋಗಿದ್ದರೆ, ಪದರ ಎದ್ದಿದ್ದರೆ, ಉಜ್ಜಿ ಪ್ರಯೋಜನವಿಲ್ಲ. ಇಡೀ ಹೆಡ್‌ಲೈಟ್ ಬದಲಿಸಬೇಕು.

ಇನ್ನು ವೈರಿಂಗ್. ಹೆಚ್ಚಿನವರು ನೋಡದೆ ಬಿಡುವ ಜಾಗ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎಚ್‌4 ಬಲ್ಬಿನ ಬೆಳಕನ್ನು ಅಳೆಯುವುದು 13.2 ವೋಲ್ಟ್‌ನಲ್ಲಿ. ಆ ವೋಲ್ಟೇಜಿನಲ್ಲಿ ಡಿಮ್‌ಗೆ 1000 ಲ್ಯೂಮೆನ್ (ಬಲ್ಬ್ ಚೆಲ್ಲುವ ಒಟ್ಟು ಬೆಳಕಿನ ಮಾನ), ಬ್ರೈಟ್‌ಗೆ 1650 ಲ್ಯೂಮೆನ್ ಎಂಬುದು ನಿಗದಿಯಾದ ಅಳತೆ, ಶೇ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇನೆಂದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. 13.2ರ ಬದಲು 12 ವೋಲ್ಟ್ ಸಿಕ್ಕಿದರೆ 1000 ಲ್ಯೂಮೆನ್ ಇದ್ದದ್ದು ಸುಮಾರು 720ಕ್ಕೆ ಬರುತ್ತದೆ. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್, ಉದ್ದನೆಯ ಸಣ್ಣ ವೈರು, ತುಕ್ಕು ಹಿಡಿದ ಅರ್ಥಿಂಗ್ ದಾಟಿ ಬರಬೇಕು. ಪ್ರತಿ ಕಡೆಯಲ್ಲೂ ಒಂದಿಷ್ಟು ಕಳೆದುಹೋಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಮಾಡಿ ಡಿಮ್ ಹೊತ್ತಿಸಿ. ಬ್ಯಾಟರಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ, ಹೋಲ್ಡರ್ ಬಿಚ್ಚದೆ, ಅದರ ಹಿಂಬದಿಯಿಂದ ಮೀಟರಿನ ಮೊನೆ ತಾಗಿಸಿ ನೋಡಿ. ಹೋಲ್ಡರ್ ಕಳಚಿ ಅಳೆದರೆ ಕರೆಂಟು ಹರಿಯದ ಕಾರಣ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಎರಡು ಅಳತೆಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚಿನ ಅಂತರವಿದ್ದರೆ ಮೊದಲು ಅರ್ಥಿಂಗ್ ಬೋಲ್ಟ್ ಬಿಚ್ಚಿ ಚೊಕ್ಕ ಮಾಡಿಸಿ, ಕಪ್ಪಾದ ಹೋಲ್ಡರ್ ಬದಲಿಸಿ. ಆಗಲೂ ಅಂತರ ಉಳಿದರೆ ರಿಲೇ ಇರುವ ವೈರಿಂಗ್ ಕಿಟ್ ಹಾಕಿಸಿ. ಆಗ ಬಲ್ಬಿಗೆ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಬರುತ್ತದೆ, ಹಳೆಯ ಸ್ವಿಚ್ ಬರೀ ರಿಲೇಗೆ ಸೂಚನೆ ಕೊಡುತ್ತದೆ. ಜಪಾನಿ ಮೂಲದ ಹಲವು ಕಾರುಗಳಲ್ಲಿ ಸ್ವಿಚ್ ಇರುವುದು ನೆಗೆಟಿವ್ ಕಡೆ. ಅದಕ್ಕೆ ಹೊಂದುವ ಕಿಟ್ ಬೇರೆ ಇದೆ, ಕೇಳಿಯೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಥವಾ ಹಾಸನದಲ್ಲಿ ಹಾಕಿಸುವುದಾದರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇದೆಯೇ ಎಂದು ನಿಂತು ನೋಡಿ. ಮೂಲ ವೈರು ಕತ್ತರಿಸಲು ಬಿಡಬೇಡಿ. ಇತ್ತೀಚಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ ಅಂಥವಕ್ಕೆ ಇದನ್ನು ಹಾಕಿಸುವುದೇ ಬೇಡ.

ಮೂರನೆಯದು ದೀಪದ ಕೋನ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಸಣ್ಣ ಗಾಲಿ ಇದೆಯೇ? ನೀವೊಬ್ಬರೇ ಹೋಗುವಾಗ ಅದು 0ಯಲ್ಲಿರಬೇಕು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಆಗ ದೀಪ ತಗ್ಗಿಸಲು ಉಳಿದ ಅಂಕಿಗಳು. ಯಾರೋ ಯಾವಾಗಲೋ 3ಕ್ಕೆ ತಿರುಗಿಸಿಟ್ಟು ವರ್ಷಗಟ್ಟಲೆ ‘ಬೆಳಕಿಲ್ಲ’ ಎಂದು ಕಷ್ಟಪಡುವವರು ಬಹಳ ಮಂದಿ.

ಗಾಲಿಯನ್ನು 0ಯಲ್ಲಿಟ್ಟು, ಟೈರಿನ ಗಾಳಿ ಸರಿಯಿಟ್ಟು, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಬಲ್ಬಿನ ನಡುಭಾಗ ನೆಲದಿಂದ ಎಷ್ಟು ಎತ್ತರವಿದೆಯೋ ಗೋಡೆಯ ಮೇಲೆ ಡಿಮ್ ಬೆಳಕಿನ ಮೇಲಂಚು ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ನಾವು ಎಡಕ್ಕೆ ಓಡಿಸುವುದರಿಂದ ಆ ಅಂಚು ಎಡಬದಿಯಲ್ಲಿ ಮೇಲೇರುತ್ತದೆ. ರಸ್ತೆ ಅಂಚಿನ ಪಾದಚಾರಿ, ದನ, ತಿರುವಿನ ಕಲ್ಲು ಕಾಣಲೆಂದೇ ಹಾಗಿದೆ.

ಈ 10 ಸೆಂಟಿಮೀಟರ್ ಎಷ್ಟು ದೊಡ್ಡದು ನೋಡಿ. ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ದು ಕೋನ ಸರಿಯಿದ್ದರೆ ಡಿಮ್ ಬೆಳಕು ಸುಮಾರು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಇನ್ನೂ 10 ಸೆಂಟಿಮೀಟರ್ ತಗ್ಗಿದರೆ 32 ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಏನೋ ಕಂಡು, ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಕಾರು 25 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು 45 ಮೀಟರಿನಷ್ಟು ಬೇಕು, ಒದ್ದೆಯಲ್ಲಿ 55 ದಾಟುತ್ತದೆ. 80 ಕಿಲೋಮೀಟರ್ ವೇಗವಾದರೆ ಒಣ ರಸ್ತೆಯಲ್ಲೂ 65 ಮೀಟರ್ ಸಾಲದು. ಘಾಟಿಯಲ್ಲಿ ಡಿಮ್ ಹಾಕಿಕೊಂಡು ಎಷ್ಟು ವೇಗ ಹೋಗಬಹುದು ಎಂಬುದಕ್ಕೆ ಈ ಲೆಕ್ಕ ಸಾಕು.

ಇಷ್ಟಾದ ಮೇಲೆ ಬಲ್ಬ್. ಹಳೆಯದಾದಂತೆ ಬಲ್ಬಿನ ಗಾಜು ಒಳಗಿಂದ ಕಪ್ಪಾಗುತ್ತದೆ, ಒಳಗೆ ಉರಿಯುವ ತಂತಿ (ಫಿಲಮೆಂಟ್) ಸಣ್ಣಗೆ ಜಗ್ಗುತ್ತದೆ. ಬದಲಿಸುವಾಗ ಎರಡೂ ಕಡೆ ಒಟ್ಟಿಗೆ ಬದಲಿಸಿ. ಓಸ್ರಾಮ್‌ನ ನೈಟ್ ಬ್ರೇಕರ್, ಫಿಲಿಪ್ಸ್‌ನ ಎಕ್ಸ್‌ಟ್ರೀಮ್ ವಿಷನ್‌ನಂಥ ಬಲ್ಬುಗಳು 60/55 ವ್ಯಾಟ್‌ನವೇ, ಆದರೆ ತಂತಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ ಬೆಳಕನ್ನು ಒಂದೆಡೆ ಸೇರಿಸಿರುತ್ತಾರೆ. ಪ್ಯಾಕೆಟ್ ಮೇಲೆ ಶೇ 130, ಶೇ 150 ಹೆಚ್ಚು ಎಂದಿರುವುದು ಕಾನೂನು ಕೇಳುವ ಕನಿಷ್ಠ ಮಟ್ಟಕ್ಕೆ ಹೋಲಿಸಿ, ರಸ್ತೆಯ ಕೆಲವು ನಿರ್ದಿಷ್ಟ ಬಿಂದುಗಳಲ್ಲಿ ಮಾತ್ರ. ಒಟ್ಟು ಬೆಳಕು ಎರಡು ಪಟ್ಟಾಗುವುದಿಲ್ಲ. ಆದರೂ ದೂರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ನಿಮ್ಮಂತೆ ರಾತ್ರಿ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇವುಗಳ ಆಯಸ್ಸು ಸಾಮಾನ್ಯ ಬಲ್ಬಿಗಿಂತ ಕಡಿಮೆ. ರಿಲೇ ಹಾಕಿ ವೋಲ್ಟೇಜ್ ಏರಿದಾಗ ಇನ್ನೂ ಕಡಿಮೆಯಾಗುತ್ತದೆ. ವೋಲ್ಟೇಜ್ ಶೇ 5 ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಾರಿನಲ್ಲಿ ಒಂದು ಬಲ್ಬ್ ಮೀಸಲಿಟ್ಟಿರಿ. ಹಾಕುವಾಗ ಗಾಜಿಗೆ ಬೆರಳು ತಾಗಿಸಬೇಡಿ, ಕೈಯ ಎಣ್ಣೆ ಅಂಟಿದ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ನೀಲಿ ಲೇಪದ ‘ಸೂಪರ್ ವೈಟ್’ ಬಲ್ಬ್ ತಗೊಳ್ಳಬೇಡಿ. ಆ ನೀಲಿ ಬಣ್ಣ ಬೆಳಕಿನ ಒಂದು ಪಾಲನ್ನು ತಾನೇ ನುಂಗುತ್ತದೆ.

100/90 ಯಾಕೆ ಬೇಡ? ನಿಮ್ಮ ಕಾರಿನ ವೈರು, ಸ್ವಿಚ್, ಹೋಲ್ಡರ್, ರಿಫ್ಲೆಕ್ಟರ್ ಎಲ್ಲವೂ 60/55ಕ್ಕೆ ಮಾಡಿದವು. ಎರಡೂ ಬ್ರೈಟ್ ಸೇರಿ ಸುಮಾರು 10 ಆಂಪಿಯರ್ ಹರಿಯುವ ಕಡೆ 16 ಆಂಪಿಯರ್ ದಾಟುತ್ತದೆ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ, ಬೆಂಕಿ ಹೊತ್ತುವ ಅಪಾಯವೂ ಇದೆ. ರಿಲೇ ಹಾಕಿದರೆ ವೈರು ಉಳಿದೀತು, ದೀಪದೊಳಗಿನ ಬಿಸಿ ಉಳಿದೇ ಇರುತ್ತದೆ. ಕಾರಿನ ಮೂಲ ವಿನ್ಯಾಸ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ.

ಎಲ್‌ಇಡಿಯ ತೊಂದರೆ ಬೇರೆ ಬಗೆಯದು. ಎಚ್‌4 ಬಲ್ಬಿನೊಳಗೆ ಎರಡು ತಂತಿಗಳಿವೆ. ಡಿಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಇದ್ದು ಬೆಳಕು ರಿಫ್ಲೆಕ್ಟರಿನ ಮೇಲ್ಭಾಗಕ್ಕೆ ಮಾತ್ರ ಬೀಳುವಂತೆ ತಡೆಯುತ್ತದೆ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯೂ ಆ ಸಣ್ಣ ತಂತಿ ಇರುವ ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ನಂಬಿ ರೂಪುಗೊಂಡಿದೆ. ಎಲ್‌ಇಡಿ ಚಿಪ್ಪುಗಳು ಲೋಹದ ಪಟ್ಟಿಯ ಎರಡು ಬದಿಗೆ ಕೂತು ಪಕ್ಕಕ್ಕೆ ಬೆಳಕು ಚೆಲ್ಲುತ್ತವೆ, ಹೀಗಾಗಿ ಬೆಳಕು ಬೀಳಬೇಕಾದಲ್ಲಿ ಬೀಳುವುದಿಲ್ಲ. ಕಾರಿನ ಮೂತಿಯ ಮುಂದೆ 15 ಮೀಟರ್ ಹಾಲು ಚೆಲ್ಲಿದಂತೆ ಬೆಳಗುತ್ತದೆ, ನೋಡಿದವರು ‘ಎಂಥ ಲೈಟು!’ ಅನ್ನುತ್ತಾರೆ. ಆ ಹತ್ತಿರದ ಪ್ರಖರತೆಗೆ ನಮ್ಮ ಕಣ್ಣಿನ ಪಾಪೆ ಕುಗ್ಗಿ ದೂರದ ಕತ್ತಲು ಇನ್ನಷ್ಟು ಕತ್ತಲಾಗುತ್ತದೆ. ಎದುರಿನ ಬೈಕಿನವನಿಗಂತೂ ಕ್ಷಣಕಾಲ ಏನೂ ಕಾಣುವುದಿಲ್ಲ. ಶಿರಾಡಿಯಂಥ ತಿರುವಿನಲ್ಲಿ ಅವನಿಗೆ ಕಾಣದಿರುವುದು ನಿಮಗೂ ಅಪಾಯವೇ. 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ಹಾಕಲು ಹೊರಟದ್ದು ಇದೇ ಕಾರಣಕ್ಕೆ.

ಮಳೆಯ ವಿಷಯದಲ್ಲಿ ಮಾತ್ರ ನಿಜ ಹೇಳಿಬಿಡಬೇಕು. ಒಣ ರಸ್ತೆ ಒರಟಾಗಿರುವುದರಿಂದ ಬಿದ್ದ ಬೆಳಕಿನ ಸ್ವಲ್ಪ ಭಾಗ ನಿಮ್ಮ ಕಡೆ ಮರಳುತ್ತದೆ. ನೀರು ನಿಂತ ರಸ್ತೆ ನುಣುಪು, ಬೆಳಕು ಜಾರಿ ಮುಂದಕ್ಕೆ ಹೋಗಿಬಿಡುತ್ತದೆ. ರಸ್ತೆ ಕಪ್ಪಾಗಿ ಕಾಣುವುದು ಅದರಿಂದ. ಯಾವ ಬಲ್ಬೂ ಇದನ್ನು ಪೂರ್ತಿ ನೀಗದು. ಹೊಸ ವೈಪರ್ ರಬ್ಬರ್, ಮುಂಗಾಜಿನ ಒಳಬದಿಗೆ ಅಂಟಿದ ಜಿಡ್ಡು ಒರೆಸುವುದು, ಇವು ಮಳೆಯಲ್ಲಿ ಬಲ್ಬಿಗಿಂತ ಹೆಚ್ಚು ನೆರವಾಗುತ್ತವೆ. ಒಳಗಿನ ಜಿಡ್ಡು ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ದೀಪ ಬಿದ್ದಾಗ ಗಾಜೆಲ್ಲ ಹೊಗೆ ಮುಚ್ಚಿದಂತಾಗುತ್ತದೆ.

ಪ್ರಶ್ನೆ: ನನ್ನ ಕಾರಿನಲ್ಲಿ ಎಚ್‌7 ಬಲ್ಬಿನ ಪ್ರೊಜೆಕ್ಟರ್ ಹೆಡ್‌ಲೈಟ್ ಇದೆ. ಪ್ರೊಜೆಕ್ಟರಿಗೆ ಎಲ್‌ಇಡಿ ಹಾಕಿದರೆ ತೊಂದರೆಯಿಲ್ಲ ಎನ್ನುತ್ತಾರೆ. ಜರ್ಮನಿಯಲ್ಲೇ ಅನುಮತಿ ಇದೆಯಂತೆ, ನಿಜವೇ?
— ಓದುಗರು, ಹುಬ್ಬಳ್ಳಿ

ಅರ್ಧ ನಿಜ. ಪ್ರೊಜೆಕ್ಟರ್ ಎಂದರೆ ಮಸೂರದ ಮೂಲಕ ಬೆಳಕು ಬಿಡುವ ಹೆಡ್‌ಲೈಟ್. ಅದರೊಳಗೆ ಬೆಳಕಿನ ಮೇಲಂಚು ಕತ್ತರಿಸುವ ತಗಡು ಇರುವುದರಿಂದ ಎದುರಿನವರಿಗೆ ರಿಫ್ಲೆಕ್ಟರಿನಷ್ಟು ತೊಂದರೆಯಾಗದು. ಆದರೆ ಅಂಚಿನ ಕೆಳಗೆ ಬೆಳಕು ಹೇಗೆ ಹರಡುತ್ತದೆ ಎಂಬುದು ಅಲ್ಲೂ ತಂತಿಯ ಜಾಗವನ್ನೇ ಅವಲಂಬಿಸಿದೆ. ಅಗಲವಾಗಿ ಬೆಳಗುವ, ದೂರಕ್ಕೆ ಮುಟ್ಟದ ಎಲ್‌ಇಡಿಗಳೇ ಮಾರುಕಟ್ಟೆಯಲ್ಲಿ ಜಾಸ್ತಿ.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಇರುವುದು ಹೌದು. ಅದು ಬಲ್ಬಿಗೆ ಸಿಕ್ಕ ಸಾರಾಸಗಟು ಪರವಾನಗಿ ಅಲ್ಲ. ಇಂಥ ಕಾರಿನ ಇಂಥ ಹೆಡ್‌ಲೈಟಿನಲ್ಲಿ ಪರೀಕ್ಷಿಸಿ, ಪಟ್ಟಿಯಲ್ಲಿ ಸೇರಿಸಿದ ಮಾದರಿಗಳಿಗೆ ಮಾತ್ರ. ನಿಮ್ಮ ಹೆಡ್‌ಲೈಟನ್ನು ಆ ಎಲ್‌ಇಡಿಯೊಂದಿಗೆ ಯಾರೂ ಪರೀಕ್ಷಿಸಿಲ್ಲದಿದ್ದರೆ ಆ ಮಾತಿನಿಂದ ನಿಮಗೆ ಉಪಯೋಗವಿಲ್ಲ. ಒಳ್ಳೆಯ ಎಚ್‌7 ಹ್ಯಾಲೊಜೆನ್ 55 ವ್ಯಾಟಿನಲ್ಲೇ 1500 ಲ್ಯೂಮೆನ್ ಕೊಡುತ್ತದೆ. ಅದನ್ನೇ ಹಾಕಿ, ಪ್ರೊಜೆಕ್ಟರಿನ ಮಸೂರದ ಒಳಮೈಗೆ ಮಸುಕು ಕಟ್ಟಿದೆಯೇ ನೋಡಿಸಿ.

ಪ್ರಶ್ನೆ: ಮಂಜಿಗೆ ಹಳದಿ ಬಲ್ಬ್ ಒಳ್ಳೆಯದೇ?
— ಓದುಗರು, ಮಡಿಕೇರಿ

ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತವೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಗೆ ಅಷ್ಟು ಬಲವಿಲ್ಲ. ನೀಲಿಮಿಶ್ರಿತ ಬಿಳಿಗಿಂತ ಕಣ್ಣಿಗೆ ಹಿತ ಎನಿಸಬಹುದು, ಅಷ್ಟೇ. ಮಂಜಿನಲ್ಲಿ ಕೆಲಸಕ್ಕೆ ಬರುವುದು ಬಂಪರಿನ ಕೆಳಗೆ ಕೂತು ಅಗಲವಾಗಿ, ಮೇಲಂಚು ಕತ್ತರಿಸಿದಂತೆ ಬೆಳಗುವ ಫಾಗ್ ಲ್ಯಾಂಪ್. ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ, ಡಿಮ್‌ನಲ್ಲೇ ಇರಿ.

ಪ್ರಶ್ನೆ: ನನಗೆ 63 ವರ್ಷ. ಇತ್ತೀಚೆಗೆ ರಾತ್ರಿ ಓಡಿಸುವಾಗ ಎದುರಿನ ದೀಪಕ್ಕೆ ಕಣ್ಣು ಕತ್ತಲಿಡುತ್ತದೆ. ಬಲ್ಬ್ ಬದಲಿಸಿಯೂ ನೋಡಿದೆ. ಹಳದಿ ಕನ್ನಡಕ ಹಾಕಬಹುದೇ?
— ಓದುಗರು, ಶಿವಮೊಗ್ಗ

ಹಾಕಬೇಡಿ. ಬಣ್ಣದ ಯಾವ ಕನ್ನಡಕವಾದರೂ ಕಣ್ಣಿಗೆ ಬರುವ ಬೆಳಕನ್ನು ಕಡಿಮೆ ಮಾಡುತ್ತದೆ, ಮೊದಲೇ ಕಡಿಮೆ ಇರುವ ರಾತ್ರಿ ಹೊತ್ತಿನಲ್ಲಿ ಅದು ನಷ್ಟ. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅರಳುವುದಿಲ್ಲ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. 20ರ ಹರೆಯದ ಕಣ್ಣಿಗೆ ಹೋಲಿಸಿದರೆ 60ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು ಸುಮಾರು ಮೂರನೇ ಒಂದು ಪಾಲು ಬೆಳಕು. ಎದುರಿನ ದೀಪದ ಸುತ್ತ ಬಳೆಯಂತೆ, ಕಿರಣಗಳಂತೆ ಕಾಣುತ್ತಿದ್ದರೆ ಅದು ಪೊರೆಯ ಆರಂಭವಿರಬಹುದು. ಈ ವಾರವೇ ಕಣ್ಣಿನ ವೈದ್ಯರಲ್ಲಿ ತೋರಿಸಿ, ಕನ್ನಡಕದ ನಂಬರ್ ಸರಿಯಿದೆಯೇ ಎಂದೂ ಕೇಳಿ. ಅಲ್ಲಿಯವರೆಗೆ ರಾತ್ರಿ ಹೆದ್ದಾರಿಯ ಪ್ರಯಾಣ ಬೇರೆಯವರ ಕೈಗೆ ಕೊಡಿ. ಅನಿವಾರ್ಯವಾದರೆ ಎದುರಿನ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ನೋಟವಿಟ್ಟು, ವೇಗ ತಗ್ಗಿಸಿ ಓಡಿಸಿ.