ಟ್ಯಾಂಗೋ ಪ್ರೊಮೆನಾಡ್‌ನಲ್ಲಿ ಎರಡನೇ ಹೆಜ್ಜೆಗೇ ಮೊಣಕಾಲು ಯಾಕೆ ತಾಗುತ್ತೆ?

ಬಾಲ್‌ರೂಮ್ ಟ್ಯಾಂಗೋ ಅನ್ನುವ ಜೋಡಿ ನೃತ್ಯದ, ನಾಲ್ಕು ಹೆಜ್ಜೆಯ ಕ್ಲೋಸ್ಡ್ ಪ್ರೊಮೆನಾಡ್‌ನಲ್ಲಿ ಎರಡನೇ ಹೆಜ್ಜೆ ಬಂದಕೂಡಲೇ ನಿಮ್ಮಿಬ್ಬರ ಮೊಣಕಾಲು ಢಿಕ್ಕಿಯಾಗುತ್ತೆ, ತಪ್ಪು ಯಾರದ್ದು ಅಂತ ಕೇಳಿದ್ದೀರಿ. ನಮಗೂ ಆರು ತಿಂಗಳು ಹೀಗೇ ಆಯಿತು. ತಪ್ಪು ನನ್ನದೇ ಆಗಿತ್ತು, ಅದೂ ಮೊದಲನೇ ಹೆಜ್ಜೆಯಲ್ಲಿ.

ಪ್ರೊಮೆನಾಡ್ ಅಂದರೆ ನಿಮ್ಮ ಬಲ ಮೈ, ನಿಮ್ಮ ಜೊತೆಗಾರ್ತಿಯ ಎಡ ಮೈ ತಾಗಿಕೊಂಡೇ ಇರಬೇಕು, ಇನ್ನೊಂದು ಕಡೆ ಮಾತ್ರ ‘ವಿ’ ಅಕ್ಷರದ ಹಾಗೆ ಬಿಚ್ಚಿಕೊಳ್ಳಬೇಕು. ಎರಡನೇ ಹೆಜ್ಜೆಗೆ ನಿಮ್ಮ ಬಲಗಾಲು, ಅವರ ಎಡಗಾಲು ಒಟ್ಟಿಗೇ ಆ ಸಂದಿಯಲ್ಲಿ ದಾಟಬೇಕು. ಜಾಗ ಇರುವುದೇ ಅಷ್ಟು.

ಸರಸ್ವತಿಪುರಂನ ನಮ್ಮ ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ. ಒಂದು ಬೆಳಗ್ಗೆ ನನ್ನ ಹೆಂಡತಿ ರಂಗೋಲಿ ಪುಡಿಯಲ್ಲಿ ನಡುಮನೆಯುದ್ದಕ್ಕೂ ಒಂದೇ ಗೆರೆ ಎಳೆದಳು. ಈ ಕಡೆ ನಾನು, ಆ ಕಡೆ ಅವಳು, ಯಾರ ಪಾದವೂ ಗೆರೆ ದಾಟಬಾರದು. ನಾಲ್ಕು ಸಲ ಮಾಡಿ ಬಗ್ಗಿ ನೋಡಿದರೆ, ಅವಳ ಕಡೆ ಅಂಚು ಇದ್ದ ಹಾಗೇ ಇದೆ. ನನ್ನ ಬಲ ಹಿಮ್ಮಡಿ ಬಿದ್ದ ಕಡೆಯೆಲ್ಲ ಪುಡಿ ಆಚೆಗೆ ಚೆಲ್ಲಿದೆ. ಮೊದಲ ಹೆಜ್ಜೆಯನ್ನು ಉದ್ದ ಇಟ್ಟು, ಅದನ್ನು ಸರಿದೂಗಿಸಲು ಬಲಗಾಲನ್ನು ಅವಳ ದಾರಿಗೇ ಬೀಸುತ್ತಿದ್ದೆ. ಮೊದಲ ಹೆಜ್ಜೆ ಭುಜದಗಲಕ್ಕೆ ಇಳಿಸಿದೆ, ಬಲ ಮೊಣಕಾಲನ್ನು ಎಡ ಮೊಣಕಾಲಿನ ಹಿಂದೆಯೇ ಇಟ್ಟುಕೊಂಡೆ. ಢಿಕ್ಕಿ ನಿಂತಿತು.

ಇನ್ನೊಂದು, ಅವರನ್ನು ಕೈಯಿಂದ ತಿರುಗಿಸಬೇಡಿ. ಪ್ರೊಮೆನಾಡ್‌ಗೆ ಮುಂಚಿನ ಎರಡು ಹೆಜ್ಜೆಯ ಪ್ರೋಗ್ರೆಸಿವ್ ಲಿಂಕ್‌ನ ಎರಡನೇ ಪುಟ್ಟ ಹೆಜ್ಜೆಗೆ ನಿಮ್ಮ ಮೈ ಚೂರು ಬಲಕ್ಕೆ ಹೊರಳಿದರೆ ಸಾಕು, ಅವರು ತಾವೇ ತೆರೆದುಕೊಳ್ಳುತ್ತಾರೆ. ಕೈ ಎಳೆದರೆ ತಾಗಿದ ಮೈ ಬಿಟ್ಟುಹೋಗುತ್ತೆ, ಸಂದಿಯೂ ಮುಚ್ಚಿಹೋಗುತ್ತೆ.

ನಿಮ್ಮ ಜೊತೆಗಾರ್ತಿ ಭರತನಾಟ್ಯ ಕಲಿತವರು ಅಂತ ಬರೆದಿದ್ದೀರಿ. ನನ್ನ ಹೆಂಡತಿಯೂ ಕಲಿತವಳೇ. ಅರ್ಧ ಕೂತು ನಿಲ್ಲುವ ಅರಮಂಡಿಯ ಅಭ್ಯಾಸಕ್ಕೆ ಮೊಣಕಾಲು ಹೊರಗೆ ತೆರೆಯುತ್ತೆ. ಟ್ಯಾಂಗೋದಲ್ಲೂ ಮೊಣಕಾಲು ಬಗ್ಗಿರುತ್ತೆ, ಆದರೆ ಒಂದಕ್ಕೊಂದು ಒತ್ತಿಕೊಂಡು. ತಟ್ಟಡವಿನ ಹಾಗೆ ಇಡೀ ಪಾದ ತಟ್ಟುವಂತಿಲ್ಲ. ಪ್ರೊಮೆನಾಡ್‌ನ ಮೊದಲೆರಡು ಹೆಜ್ಜೆಗೆ ಇಬ್ಬರದ್ದೂ ಹಿಮ್ಮಡಿಯೇ ಮೊದಲು ನೆಲ ಮುಟ್ಟಬೇಕು. ಮೂರನೆಯದಕ್ಕೆ ಅವರು ಎಡಕ್ಕೆ ತಿರುಗಿ ನಿಮಗೆ ಎದುರಾಗುತ್ತಾರೆ, ನಾಲ್ಕನೆಯದಕ್ಕೆ ಕಾಲು ಸೇರುತ್ತೆ. ವಾಲ್ಟ್ಸ್‌ನ ಏರಿಳಿತ ಇಲ್ಲಿ ಇಲ್ಲವೇ ಇಲ್ಲ.

ಲೆಕ್ಕಕ್ಕೆ ಅವಳೇ ಒಂದು ಸೊಲ್ಲು ಕಟ್ಟಿದಳು: ಲಿಂಕ್‌ಗೆ ‘ತಕ’, ಪ್ರೊಮೆನಾಡ್‌ಗೆ ‘ತಾ ತಕ ತಾ’. ‘ತಾ’ ಅಂದರೆ ಸ್ಲೋ, ಒಂದು ಬೀಟ್; ‘ತಕ’ ಅಂದರೆ ಎರಡು ಕ್ವಿಕ್, ಒಂದೊಂದೂ ಅರ್ಧ ಬೀಟ್; ಲಿಂಕ್, ಪ್ರೊಮೆನಾಡ್ ಸೇರಿ ಒಟ್ಟು ನಾಲ್ಕು ಬೀಟ್. 2/4ರಲ್ಲಿ, ಅಂದರೆ ಬಾರ್‌ಗೆ ಎರಡು ಬೀಟ್ ಇರುವ ತಾಳದಲ್ಲಿ, ಸರಿಯಾಗಿ ಎರಡು ಬಾರ್. ನಿಮಿಷಕ್ಕೆ 32 ಬಾರ್ ವೇಗದಲ್ಲಿ ಒಂದು ಕ್ವಿಕ್‌ಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ, ಅಷ್ಟರಲ್ಲಿ ಕಾಲು ನೋಡಿಕೊಳ್ಳಲು ಆಗದು. ಅದಕ್ಕೇ ಗೆರೆ ಬೇಕು ಅಂದದ್ದು. ಮೊದಲು ಹಾಡಿಲ್ಲದೆ ಸೊಲ್ಲು ಹೇಳುತ್ತಾ ನಿಧಾನಕ್ಕೆ ಮಾಡಿ. ಸತತ ಹತ್ತು ಸಲ ಪುಡಿ ಚೆಲ್ಲದಿದ್ದರೆ ಹಾಡು ಹಾಕಿ.