ಎಂ1008ರ ಗ್ಲೋ ಪ್ಲಗ್ ಸುಡುವ ಬಗ್ಗೆ

ನಿಮ್ಮ 1984ರ ಶೆವರ್ಲೆ ಎಂ1008 ಸೇನಾ ಪಿಕಪ್‌ನಲ್ಲಿ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವ ಮುನ್ನ ಡೀಸೆಲ್ ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಹಾಕಿದಷ್ಟೂ ಸುಡುತ್ತಿವೆ, ಇಡೀ ಗಾಡಿಯನ್ನೇ 12 ವೋಲ್ಟ್‌ಗೆ ಬದಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆ 24 ವೋಲ್ಟ್ ಸ್ಟಾರ್ಟರ್ 6.2 ಲೀಟರ್ ಡೀಸೆಲ್ ಎಂಜಿನನ್ನು ಚಳಿಯಲ್ಲೂ ಜೋರಾಗಿ ತಿರುಗಿಸುತ್ತದೆ, ಉಳಿಸಿಕೊಳ್ಳಿ. ನನ್ನ ಅನುಮಾನ ಎಂಜಿನ್ ಹಿಂದಿನ ತಗಡಿಗೆ ಬಿಗಿದಿರುವ ರೆಸಿಸ್ಟರ್ ಮೇಲೆ. ಪ್ಲಗ್‌ಗಳು 12 ವೋಲ್ಟಿನವು, 24 ವೋಲ್ಟನ್ನು ಅವಕ್ಕೆ ತಗ್ಗಿಸಿ ಕೊಡುವುದು ಈ ರೆಸಿಸ್ಟರ್. ಎಂಟರಲ್ಲಿ ಒಂದು ಸತ್ತರೆ ಉಳಿದವಕ್ಕೆ ವೋಲ್ಟೇಜ್ ಏರುತ್ತದೆ, ಆಮೇಲೆ ಒಂದರ ಹಿಂದೊಂದು ಹೋಗುತ್ತವೆ. ಎರಡೂ ಬ್ಯಾಟರಿ ಕಳಚಿ, ರೆಸಿಸ್ಟರ್ ಕೈಬಿಟ್ಟು, ಪ್ಲಗ್‌ನ ರಿಲೇಗೆ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್) ನೇರ 12 ವೋಲ್ಟ್ ವೈರ್ ಎಳೆಯಿರಿ. ರಿಲೇ ಅಂಟಿಕೊಂಡಿದೆಯೇ ಅದನ್ನೂ ನೋಡಿ. ಹಳೆಯ ಪ್ಲಗ್ ಬಿಗಿಯಾಗಿದ್ದರೆ ಜಗ್ಗಬೇಡಿ, ತುದಿ ಊದಿಕೊಂಡಿರುತ್ತದೆ. ನನ್ನದೊಂದು ಹಾಗೇ ಮುರಿದು ಒಳಗೆ ಉಳಿಯಿತು, ಎಂಜಿನ್ ಮೇಲ್ಭಾಗದ ಹೆಡ್ ಬಿಚ್ಚಬೇಕಾಯಿತು.